ಸುಣ್ಣದ ಗೆರಿ

ಮೂರು ಸೀಟಿನ ಸೋಫಾದಾಗ ನಂದು ಎಡಗಡೆ ಮೂಲಿ.
ಗಿರ್ಮಿಟ್ ಉಚ್ಚಿ ಹೊಯ್ಯೂದೂ ಅಲ್ಲೇ.
ನಡುವ ಒಣ, ಬಲಕ್ಕ ಒಣ,
ನನ್ನ ಮೂಲ್ಯಾಗ ಮಾತ್ರ
ಆರಿದ ಮ್ಯಾಲ ಬೆಳ್ಳಗ ಏಳತಿತ್ತು ಗೆರಿ,
ಖೊ-ಖೊ ಅಂಕಣಕ್ಕ ಸುಣ್ಣಾ ಹಾಕಿಧಂಗ.

ಮೊಲ ಕಸ್ತೂರಿದು.
ಕಸ್ತೂರಿ ಮಹಾನಂದಾನ ಮಗಳು.
ಮಹಾನಂದಾ ನನ್ನ ಹೇಂತಿ, ಈ ಯುಗಾದಿಯಿಂದ.
ಹುಬ್ಬಳ್ಳಿಯ ಈ ರೇಲ್ವೆ ಕ್ವಾರ್ಟರ್ಸಿಗೆ
ಬೆಟಗೇರಿಯಿಂದ ಅವರು ಬಂದಾಗ
ಎರಡು ಟ್ರಂಕು, ಒಂದು ಹೊಲಿಗಿ ಮಶೀನು,
ತೂತು ಕೊರದ ರಟ್ಟಿನ ಡಬ್ಬ್ಯಾಗ
ಕಂದು ಚಿಕ್ಕಿಯ ಇದೊಂದು ಜೀವ.

ಹುಡುಗಿಗೆ ಹನ್ನೊಂದು.
ನನಗ ಏನಂತ ಕರೀಬೇಕು, ಇನ್ನೂ ಗೊತ್ತಾಗಿಲ್ಲ ಅಕಿಗೆ.
"ಚಹಾ ಆಗೇತಂತ" ಅಂತ ಗ್ವಾಡಿಗೆ ಹೇಳತಾಳ,
ನನಗ ಕೇಳೂಹಂಗ.

ಬಾಜೂಮನಿ ತುಂಗವ್ವ ಅಂದಳು:
ಖಾರಪುಡಿ ಉದರಸ್ರಿ, ಬ್ಯಾಡಗಿದು, ಹತ್ತಿರ ಸುಳಿಯೂದಿಲ್ಲ.
ಅದರ ಕಣ್ಣೂ ಕಣ್ಣಽ ಅಲ್ಲೇನ್ರಿ, ಅಂದಳು ಮಹಾನಂದಾ.
ನಿಂಬಿ ಸಿಪ್ಪಿ ಇಟ್ಟಿವಿ. ಮೂಗಿಲೆ ಸರಸಿ, ಹೊಯ್ತು.
ತಾಡಪತ್ರಿ ಹೊದಿಸಿದಿವಿ. ಅದರ ಮ್ಯಾಲ ಹೊಯ್ದದ್ದು
ಜಾರಿ ಇಳದು ನನ್ನ ಡ್ಯೂಟಿ ಬೂಟು ತುಂಬತು.

ಆವತ್ತು ಒದರಿದೆ ನಾ. "ಏಯ್" ಅಂತ, ಒಂದ ಸಲ.
ಹಿಂಗಾಲು ನೆಲಕ್ಕ ಬಡದು ಕಪಾಟಿನ ಬುಡಕ್ಕ ಸೇರ್ತು ಮೊಲ,
ಅದರ ಹಿಂದ ಹೊಟ್ಟಿ ಮ್ಯಾಲ ತೆವಳಕೋತ ಹುಡುಗಿ.
ಫರಸಿ ಮ್ಯಾಲ ಅಕಿ ಎರಡು ಹಿಮ್ಮಡ.
ಆಗ ಹೊಳೀತು:
ನಾಕು ತಿಂಗಳಾತು, ಈ ಕೂಸು ಸೋಫಾದ ಮ್ಯಾಲ ಕುಂತದ್ದ
ನಾ ನೋಡೇ ಇಲ್ಲ.

ದನದ ದವಾಖಾನ್ಯಾಗ ಡಾಕ್ಟರಮ್ಮ
ಎಮ್ಮಿ ನೋಡಿ ಕೈ ತೊಳಕೊಂಡು ಬಂದಳು.
ಸೊಕ್ಕಲ್ರಿ ಇದು. ಹೊಸಾ ಮನಿ,
ನಿಮ್ಮ ವಾಸನಿ ಎಲ್ಲಿ ಭಾಳ ಐತೋ
ಅಲ್ಲಿ ತಂದೂ ಒಂದೀಟು ಇಡತೈತಿ.
ಬೈಯಬ್ಯಾಡ್ರಿ. ಆಪರೇಶನ್ ಮಾಡಸ್ರಿ, ಅರ್ಧಾ ನಿಲ್ಲತೈತಿ.
ಉಳಿದರ್ಧಕ್ಕ ಎಲ್ಲಿ ಹೊಯ್ತೈತೋ ಅಲ್ಲೇ ಒಂದು ತಟ್ಟಿ ಇಡ್ರಿ,
ಒರಸಿದ ಅರಬಿ ಅದರಾಗ ಹಾಕ್ರಿ, ಮ್ಯಾಲ ಒಣಹುಲ್ಲು;
ತಿನ್ನಕೋತ ಕುಂತು ಅಲ್ಲೇ ಮುಗಸತೈತಿ.
ಕುದರಿಮಸಾಲಿ ಕಡಿಮಿ ಮಾಡ್ರಿ, ಸುಣ್ಣಾ ಅದರದು.

ಕೇಸ್ ಪೇಪರಿನ್ಯಾಗ ವಿಳಾಸ ಬರಿಯಾಕ ಹಚ್ಚಿದರು.
ಕಸ್ತೂರಿ "ಬೆಟಗೇರಿ" ಅಂತ ಬರದಳು.
ನೋಡಿದಳು.
ಒಂದು ಗೆರಿ ಎಳದಳು ಅದರ ಮ್ಯಾಲ, ಮೆಲ್ಲಕ,
ನೂಲು ಹರೀದಂಗ.
ಆಮ್ಯಾಲ ನಮ್ಮ ಕ್ವಾರ್ಟರ್ಸಿನ ನಂಬರು,
ಬ್ಲಾಕು, ಮೂರನೇ ಲೈನು,
ಯಾರನ್ನೂ ಕೇಳದ.

ಇಪ್ಪತ್ತೆರಡು ವರ್ಷ ಬೋಗಿ ತಗಡು ಬಡದ ಕೈ ನಂದು.
ಐತವಾರ ಸಂತಿಯಿಂದ ತಗಡು ತಂದು ತಟ್ಟಿ ಮಾಡಿದೆ,
ಮುಂದಿನ ಅಂಚು ಗಿಡ್ಡ, ಹಿಂದ ಎತ್ತರ.
ಕಾನಸು ಹಾಕಿ ತಿಕ್ಕಿ ಹೆಬ್ಬೆಟ್ಟು ಆಡಿಸಿದೆ: ನುಣುಪೈತಿ.
ಬಾಗಲಾಗ ನಿಂತಾಕಿ ಬಂದು ತನ್ನ ಬೆರಳು ಆಡಿಸಿದಳು.
"ಇಲ್ಲಿನ್ನೂ ಚುಚ್ಚತೈತ್ರಿ."
ಗ್ವಾಡಿಗಲ್ಲ. ನನಗ.
ಹೆಬ್ಬೆಟ್ಟು ಜಡ್ಡುಗಟ್ಟೇತಿ, ನನಗೆಲ್ಲಿ ತಿಳೀಬೇಕು.
ಮತ್ತ ತಿಕ್ಕಿದೆ.

ಈಗ ಗಿರ್ಮಿಟ್ ತಟ್ಟ್ಯಾಗ ಕುಂತು ಹುಲ್ಲು ಕಡೀತೈತಿ,
ಅರ್ಧಾ ಹೊತ್ತು ನಿದ್ದಿ.
ಸೋಫಾದ ಎಡಗಡೆ ಮೂಲ್ಯಾಗ ಕಾಲು ಮಡಚಿ
ಕಸ್ತೂರಿ ಮಗ್ಗಿ ಬರೀತಾಳ, ಬಾಯಾಗ ಪೆನ್ಸಿಲ್ಲು.
ವರ್ಕ್‌ಶಾಪಿನ ಭೋಂಗಾ ಆದ ಮ್ಯಾಲ ಮನಿಗೆ ಬರತೇನಿ.
ಬಲಕ್ಕ ಜಾಗಾ ಐತಿ, ಸ್ಪ್ರಿಂಗ್ ಚುಚ್ಚತೈತಿ,
ನಾ ಹೇಳೂದಿಲ್ಲ.

ನಿನ್ನೆ ಮತ್ತ ಅಲ್ಲೇ ಒಂದು ಹಸಿ ಕಲಿ,
ರೂಪಾಯಿ ಅಗಲದ್ದು.
ಇಬ್ಬರೂ ಒಳಗಿದ್ದರು.
ಶಿರ್ಕಾ ಹಚ್ಚಿ ಒರಸಿದೆ,
ಅರಬಿ ತಟ್ಟ್ಯಾಗ ಒಗದೆ,
ಪೇಪರ್ ಓದಕೋತ ಕುಂತೆ.