ಐದರ ಮೇಲೊಂದು

ನಮ್ಮ ಯೋಫ್ ದಂಡೆಯಲ್ಲಿ ಆರಕ್ಕೆ ಬೇರೆ ಹೆಸರಿಲ್ಲ.
ಬೆನ್, ಞಾರ್, ಞೆಟ್, ಞೆಂಟ್, ಜುರೋಮ್:
ಅಲ್ಲಿಗೆ ಒಂದು ಕೈಯ ಬೆರಳು ಮುಗಿಯಿತು.
ಆಮೇಲೆ ಐದರ ಮೇಲೊಂದು, ಐದರ ಮೇಲೆರಡು.
ಮೂವತ್ತು ವರ್ಷ ಮೀನೆಣಿಸುತ್ತ
ಲೆಕ್ಕದ ಮಾತೆಂದುಕೊಂಡಿದ್ದೆ ಇದನ್ನು.
ತೋಳಿನ ಮಾತೆಂದು ಈ ವರ್ಷ ಗೊತ್ತಾಯಿತು.

ಸಮುದ್ರದ ಮಗ್ಗುಲಲ್ಲೇ ಹುಟ್ಟಿದವರು, ಈಜು ಬಾರದು ನಮಗೆ.
ಗಂಡಸರಲ್ಲೂ ಅರ್ಧ ಜನಕ್ಕೆ ಬಾರದು, ಹೇಳಿಕೊಳ್ಳುವುದಿಲ್ಲ ಅಷ್ಟೆ.
ದೋಣಿ ಬಂದಾಗ ಹೆಂಗಸರೆಲ್ಲ ಬೋಗುಣಿ ಹೊತ್ತು
ಎದೆಮಟ್ಟ ನೀರಿನವರೆಗೆ ನಡೆಯುತ್ತೇವೆ.
ಅಲ್ಲಿ ಸಾಲು ನಿಲ್ಲುತ್ತದೆ.
ಅದರಾಚೆ ಮೂವತ್ತು ಮಾರು,
ಯಾರೂ ಅಂಗಡಿ ಹಾಕದ ಮಾರುಕಟ್ಟೆ.

ಬಿರಾನ್ ಕುಸ್ತಿ ಹುಡುಗ. ತೋಳಿಗೆ ತಾಯಿತ, ಹೊಟ್ಟೆಗೆ ಸದಾ ಹಸಿವು.
ಪಾಠಕ್ಕೆರಡು ಯಬೋಯ್ ಮೀನೆಂದು ಮಾತಾಯಿತು.
"ಯಾಯ್ ದಿಯೋರ್," ಅಂದ,
"ಹೊರುವ ಮೈ ಬೇರೆ, ತಳ್ಳುವ ಮೈ ಬೇರೆ.
ಮೊದಲು ದೋಣಿಯನ್ನು ತಳ್ಳು. ಅದು ಅಲುಗುವುದಿಲ್ಲ, ನೀನು ಅಲುಗು."

ನಿಂತೇ ತಳ್ಳಿದೆ, ಬಣ್ಣ ಬಳಿದ ಹಲಗೆಗೆ ಅಂಗೈಯೂರಿ.
ಹದಿನೈದು ದಿನಕ್ಕೆ ಮಂಡಿಯ ಮೇಲೆ.
ತಿಂಗಳಿಗೆ ಪೂರಾ ನೆಲಕ್ಕೆ, ಕಾಲ್ಬೆರಳ ಮೇಲೆ:
ಬೆನ್. ಬೆನ್ನು ಬಿಲ್ಲಾಗಬಾರದು.
ಞಾರ್. ಉಸಿರು ಬಿಡು.
ಞೆಟ್... ಮೂಗಿನ ತುಂಬ ಮರಳು.
ಸೊಕ್ನಾ ಕೇಳಿದಳು, ನಗು ತಡೆಯಲಾರದೆ,
"ಏನು ಕಳೆದುಕೊಂಡೆಯೇ ನೆಲದಲ್ಲಿ?
ಚಿನ್ನವಾದರೆ ಹೇಳು, ನಾನೂ ಹುಡುಕುತ್ತೇನೆ."

ರಂಜಾನಿನಲ್ಲಿ ರಾತ್ರಿಯ ಹೊತ್ತು, ಖರ್ಜೂರ ತಿಂದ ಮೇಲೆ, ಅಂಗಳದಲ್ಲಿ.
ಐದಕ್ಕೆ ತೋಳು ಸೋತು ನಡುಗುವಾಗ
ಮೊಮ್ಮಗಳು ಬೆನ್ನೇರಿ ಕೂತು, "ಜುರೋಮ್ ಬೆನ್!" ಅಂದಳು.
ಐದನ್ನು ಕೆಳಗಿಡದೆ ಅದರ ಮೇಲೇ ಒಂದು.
ಕೂಸನ್ನು ಹೊತ್ತೇ ಎದ್ದೆ.
ಅದೊಂದೇ. ಎರಡನೆಯದಕ್ಕೆ ಇಬ್ಬರೂ ಉರುಳಿದೆವು.

ನೀರಿನ ಪಾಠ ಬೇರೆ ಥರ.
ಬೈಕಿನ ಹಳೆ ಟ್ಯೂಬು ಸೊಂಟಕ್ಕೆ, ಅದರ ತುದಿ ಲಂಗರಿನ ಗೂಟಕ್ಕೆ.
ತೊಡೆಗಳ ನಡುವೆ ಖಾಲಿ ಎಣ್ಣೆ ಡಬ್ಬ. "ಕಾಲು ಮರೆತುಬಿಡು. ಕೈ ಮಾತ್ರ."
ಎಷ್ಟು ಎಳೆದರೂ ಇದ್ದಲ್ಲೇ.
ನನ್ನ ಮದುವೆಯ ಮೊದಲ ಹತ್ತು ವರ್ಷದ ಹಾಗೆ.
"ನೀರಿಗೆ ಹೊಡೆಯಬೇಡ ಯಾಯ್, ಅದು ನಿನ್ನ ಸೊಸೆಯಲ್ಲ.
ಮೊಣಕೈ ಮೇಲಿರಲಿ. ಒಂದು ತೆಕ್ಕೆ ನೀರು ತಬ್ಬಿ
ಹಿಂದಕ್ಕೆ ಕಳಿಸು, ಬಂದ ನೆಂಟರನ್ನು ಕಳಿಸುವಷ್ಟು ಮೆಲ್ಲಗೆ."
ರಾತ್ರಿ ತಲೆಗೆ ಮುಸುಕು ಕಟ್ಟಲು ಕೈ ಮೇಲೇಳುತ್ತಿರಲಿಲ್ಲ.
ಸೊಸೆ ಕಟ್ಟಿದಳು. ಏನೂ ಅನ್ನಲಿಲ್ಲ, ಸ್ವಲ್ಪ ಬಿಗಿಯಾಗಿ ಕಟ್ಟಿದಳು.

ನಿನ್ನೆ ಬೆಳಗ್ಗೆ ಮಸಾಂಬಾನ ದೋಣಿ ಬಂತು,
ಬೂದು ಚೋಫ್ ಮೀನು, ಒಂದೊಂದೂ ತೊಡೆಗಾತ್ರ.
ಸಾಲು ಎದೆಮಟ್ಟದಲ್ಲಿ ನಿಂತಿತು.
ಬೋಗುಣಿಯನ್ನು ಸೊಕ್ನಾಳ ಕೈಗಿತ್ತು
ನಾನು ನಿಲ್ಲಲಿಲ್ಲ.
ಇಪ್ಪತ್ತೋ ಮೂವತ್ತೋ ತೆಕ್ಕೆ ನೀರು. ಎಣಿಕೆ ಎರಡು ಸಲ ತಪ್ಪಿತು.
ಬಾಯಿಗೆ ಉಪ್ಪು. ಹಿಂದಿನಿಂದ ಕೂಗು,
ಹೊಗಳಿಕೆಯೋ ಶಾಪವೋ ತಿಳಿಯದು.
ಕೈಗೆ ಹಲಗೆ ಸಿಕ್ಕಿತು, ಒದ್ದೆ, ಗಟ್ಟಿ, ಹಳದಿ ಬಣ್ಣ.

ಮಸಾಂಬಾ ಬಗ್ಗಿ ನೋಡಿದ. ಬೆರಗಾದ ಒಂದು ಕ್ಷಣ,
ಮರುಕ್ಷಣ ವ್ಯಾಪಾರಿಯಾದ:
"ಈಜಿಕೊಂಡು ಬಂದವಳಿಗೆ ಅವಸರ ಜಾಸ್ತಿ.
ಕಿಲೋಗೆ ಐನೂರು ಫ್ರಾಂಕ್ ಹೆಚ್ಚು ಇವತ್ತು."

ಆಗಲಿ ಮಗನೇ.
ದೋಣಿಯಂಚಿಗೆ ಒಂದೇ ಕೈಯಲ್ಲಿ ಜೋತು
ಇನ್ನೊಂದರಲ್ಲಿ ಮುಖದ ನೀರು ಒರೆಸಿಕೊಂಡು
ನಾನು ಹಳೆಯ ದರದಿಂದ ಚೌಕಾಸಿ ಶುರುಮಾಡಿದೆ.
ಬಿಸಿಲೇರಲಿ. ತೋಳಿದೆ.
ಅದು ಸೋತರೆ
ಐದರ ಮೇಲೊಂದು.