ಬಳೆ ಹೆಚ್ಚಿತು

ಬ್ಯಾಲರಾಟ್‌ನ ಜುಲೈ. ತಗಡಿನ ಶೆಡ್ಡಿನೊಳಗೆ
ಬಿಟ್ಟ ಉಸಿರೂ ಬೆಳ್ಳಗೆ.
ಬೆಂಚಿನ ಮೇಲೆ ಹಳೇ ಬೆಡ್‌ಶೀಟು, ಅದರ ಮೇಲೆ
ಮೂವತ್ತಾರರ ಮಾರಿಸ್ಸಿನ ಹೊಟ್ಟೆಯೊಳಗಿನದೆಲ್ಲ
ಬಿಚ್ಚಿದ ಕ್ರಮದಲ್ಲೇ.

ಮರ್ವ್ ಟ್ರೆಗೆನ್ಜಾಗೆ ಈಗ ಕೈ ನಡುಗುತ್ತದೆ.
ಹಾಗಾಗಿ ಬೆರಳು ನನ್ನವು, ಕಿವಿ ಅವನದು.
ಬೈಗುಳವೂ ಅವನದೇ.

ಹಳೇ ಪಿಸ್ಟನ್ನಿನ ನೆತ್ತಿಯ ಮಸಿ ಕೆರೆದರೆ
ಕೆಳಗೊಂದು ಅಂಕಿ: ನಲವತ್ತು.
ಯಾರೋ ಯಾವತ್ತೋ
ಸವೆದ ಸಿಲಿಂಡರು ಕೊರೆದು ಅಗಲ ಮಾಡಿದ್ದಾರೆ.
ಹೊಸದರ ನೆತ್ತಿಯಲ್ಲಿ ಅರವತ್ತು.
ಸವೆದಷ್ಟೂ ದೊಡ್ಡದಾಗುವುದು ಇದೊಂದೇ ಇರಬೇಕು, ಅಂದೆ.
“ಇದೇ ಕೊನೆ” ಅಂದ ಮರ್ವ್,
“ಇನ್ನು ಕೊರೆದರೆ ನೀರು ಸಿಗುತ್ತದೆ.”

ಬೆರಿಲ್ ಸ್ಕೋನು ತೆಗೆದ ಅವನ್ನಿನಲ್ಲಿ
ಪಿಸ್ಟನ್ನುಗಳ ಬಿಸಿಗಿಟ್ಟು ಒಂದೊಂದೇ ತಂದೆವು.
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅನ್ನುತ್ತಾರಲ್ಲ,
ಪಿನ್ನು ಹೋದದ್ದು ಬೆಣ್ಣೆಗೆ ಕೂದಲು ತೂರಿದ ಹಾಗೆ.

ರಿಂಗುಗಳದು ಬೇರೆ ಹಟ.
ಖಾಲಿ ಸಿಲಿಂಡರಿಗಿಳಿಸಿ ಬಾಯಿಯ ಸಂದು ಅಳೆಯಬೇಕು.
ಇಂಚನ್ನು ಸಾವಿರ ಸೀಳಿದರೆ ಅದರಲ್ಲಿ ಒಂಬತ್ತು.
ಮೂರು ಸಲ ಅರ, ಒಂದು ಸಲ ನೋಟ,
ಮತ್ತೆ ಅರ.

ಹಗರಿಬೊಮ್ಮನಹಳ್ಳಿಯಲ್ಲಿ ಬಳೆ ಮಾರುವ ಮೆಹಬೂಬಿ
ನನ್ನ ಗೆಣ್ಣು ಹಿಂಡಿ, ಹೆಬ್ಬೆರಳು ಒಳಗೆ ಮಡಚಿ
“ಅತ್ತ ನೋಡವ್ವಾ” ಅನ್ನುತ್ತಿದ್ದಳು.
ಅತ್ತ ನೋಡಿ ಇತ್ತ ತಿರುಗುವಷ್ಟರಲ್ಲಿ
ಬಳೆ ಮಣಿಕಟ್ಟಿನಲ್ಲಿ.

ಉಕ್ಕಿನ ಪಟ್ಟಿ ಸುತ್ತಿ ಬಿಗಿದೆ. ಎಣ್ಣೆ ಸುರಿದೆ.
ನೆತ್ತಿಯ ಬಾಣ ರೇಡಿಯೇಟರಿನತ್ತ.
ಸುತ್ತಿಗೆಯ ಹಿಡಿಯಿಂದ ತಟ್ಟಿದೆ, ಮಗುವಿನ ಬೆನ್ನು ತಟ್ಟಿದಂತೆ.
ಒಂದು ಇಳಿಯಿತು.
ಎರಡು.
ಮೂರನೆಯದಕ್ಕೆ, ಅವನು “ನಿಲ್ಲಿಸು” ಅನ್ನುವುದಕ್ಕೂ
ಒಳಗೆ ಟಿಣ್ ಅನ್ನುವುದಕ್ಕೂ
ಒಂಬತ್ತು ಸೀಳಿನಷ್ಟೂ ಸಂದಿರಲಿಲ್ಲ.

ಬಾಯಿಗೆ ತಾನೇ ಬಂತು: ಬಳೆ ಹೆಚ್ಚಿತು.
ಏನಂದೆ? ಅಂದ.
ಹೇಳಿದೆ: ನಮ್ಮಲ್ಲಿ ಬಳೆ ಒಡೆಯಿತು ಅನ್ನಬಾರದು,
ಹೆಚ್ಚಿತು ಅನ್ನಬೇಕು.
ತುಂಡುಗಳನ್ನು ಅಂಗೈಗೆ ಹಾಕಿಕೊಂಡು
ಬೆಳಕಿಗೆ ಹಿಡಿದು ಎಣಿಸಿದ.
“ಒಂದಿತ್ತು, ಎರಡಾಗಿದೆ.
ಸರಿಯಾಗೇ ಹೇಳುತ್ತೀರಿ ನೀವು.”

ಹೊಸ ರಿಂಗು ಜೀಲಾಂಗ್‌ನಿಂದ ಗುರುವಾರ.
ಮೂರನೆಯ ಬಾಯಿಗೆ ಅವನ ಫ್ಲಾನಲ್ ಅಂಗಿ ಮುಚ್ಚಿದೆವು.
ನೋಟ್‌ಬುಕ್ಕಿನಲ್ಲಿ, ಸೊಟ್ಟ ಅಕ್ಷರದಲ್ಲಿ ಬರೆದುಕೊಂಡ:
ಒಂದು, ಎರಡು, ಕೂತಿವೆ.
ಮೂರು, ಹೆಚ್ಚಿದೆ.

ನಾಲ್ಕನೆಯದು ಇನ್ನೂ ಇಲ್ಲೇ ಇದೆಯಲ್ಲ,
ಅಡುಗೆಮನೆಯಿಂದ ಬೆರಿಲ್ ಕೂಗಿದಳು,
ರಾತ್ರಿಯ ಮಾಂಸ ಎಲ್ಲಿ ಬೇಯಿಸಲಿ?