ಒತ್ತು, ಹಿಡಿ, ಬಿಡು

ಹುಲಿಕಲ್ ಘಾಟಿಯ ತಿರುವಿನಲ್ಲಿ ಪೆಡಲು
ನೆನೆದ ಅವಲಕ್ಕಿಯ ಹಾಗೆ ಮೆತ್ತಗಾಯಿತು.
ಶಿವಮೊಗ್ಗ ಸೇರಿದ್ದೇ ಪುಣ್ಯ.

ಗ್ಯಾರೇಜು ಷಡ್ಡಕ ರುದ್ರೋಜಿಯದು,
ಮಾತು ಬಿಟ್ಟು ಮೂರು ವರ್ಷ.
ಮುಚ್ಚಳ ತೆಗೆದದ್ದು ಅವನ ಹುಡುಗ:
ಒಳಗೆ ಹಳಸಿದ ಡಿಕಾಕ್ಷನ್.
ಬಿಗಿಯಾಗೇ ಮುಚ್ಚಿದ್ದೆನಲ್ಲ ಮಾರಾಯ!
‘ಗಾಳಿಯಿಂದಲೇ ನೀರು ಕುಡಿಯುತ್ತೆ ಸಾರ್ ಇದು,
ಅದರಲ್ಲೂ ನಮ್ಮ ಕಡೆ ಗಾಳಿ.
ಬಿಸಿಯಾದರೆ ಕುದಿಯುತ್ತೆ.’

ಹುಡುಗ ಚಹಾಕ್ಕೆ ಹೋದ.
ಪೆಡಲಿಗೊಂದು ಕಾಲು ಬೇಕಲ್ಲ, ನಾನೇ ಕೂತೆ.
ಕಾರಿನಡಿಯಿಂದ ದನಿ:
‘ಒತ್ತು.’
ಒತ್ತಿದೆ.
‘ಹಿಡಿ.’
ಹಿಡಿದೆ.
ಕೊಳವೆಯಲ್ಲಿ ಗುಳ್ಳೆ, ಗುಳ್ಳೆ, ಬಾಟಲಿಗೆ ಕಪ್ಪು.
‘ಬಿಡು.’

ದೂರದ ಚಕ್ರ ಮೊದಲು,
ಹತ್ತಿರದ್ದು ಕೊನೆಗೆ.
ಅಲ್ಲಿ ಜೇನುಬಣ್ಣ ಇಳಿಯಿತಂತೆ;
ಪೆಡಲು ಪಾದಕ್ಕೆ ಎದುರು ನಿಂತಿತು.

‘ಸಾಕಾ?’ ಎಂದೆ.
ಸ್ಪ್ಯಾನರ್ ನೆಲಕ್ಕಿಟ್ಟ ಸದ್ದು ಆಗಲೇ ಕೇಳಿತ್ತು.
‘ಇನ್ನೊಂದು ಸಲ ಒತ್ತು,’ ಎಂದ.